ದಕ್ಷಿಣ ಟಿರೋಲ್: ಕಣಿವೆ, ಗಡಿ ಮತ್ತು ಭಾಷೆ

ಇಟಲಿಯ ಉತ್ತರದ ಅಂಚಿನಲ್ಲಿರುವ ಬೊಲ್ಜಾನೊ ಪ್ರಾಂತ್ಯಕ್ಕೆ ದಕ್ಷಿಣ ಟಿರೋಲ್ ಎಂಬ ಹೆಸರೂ ಉಂಟು. ಸುಮಾರು 7,400 ಚದರ ಕಿಲೋಮೀಟರ್ ವಿಸ್ತಾರದ ಈ ನಾಡು ಆಲ್ಪ್ಸ್ ಪರ್ವತಗಳ ನಡುವಿನದು. ಇಲ್ಲಿಯ ಅತ್ಯುನ್ನತ ಶಿಖರವಾದ ಓರ್ಟ್ಲರ್‌ನ ಎತ್ತರ 3,905 ಮೀಟರ್. ಜನವಸತಿ ಬಹುಮಟ್ಟಿಗೆ ಆದಿಜೆ ನದಿ ಹಾಗೂ ಅದರ ಉಪನದಿಗಳ ಕಣಿವೆಗಳಲ್ಲಿದೆ. ಪ್ರಾಂತ್ಯದಲ್ಲಿ 116 ಸ್ಥಳೀಯ ಆಡಳಿತ ಘಟಕಗಳಿವೆ; ರಾಜಧಾನಿ ಬೊಲ್ಜಾನೊ ನಗರವನ್ನುಳಿದು ಮಿಕ್ಕವು ಏಳು ಜಿಲ್ಲಾ ಸಮುದಾಯಗಳಲ್ಲಿ ಸೇರಿವೆ.

ಮೊದಲನೆಯ ಮಹಾಯುದ್ಧದ ತರುವಾಯ ಆಸ್ಟ್ರಿಯದಿಂದ ಇಟಲಿಗೆ ಸೇರಿದ ಈ ಪ್ರಾಂತ್ಯದ ಬಹುಸಂಖ್ಯಾತರ ಮಾತು ಜರ್ಮನ್. 1948ರ ಸ್ವಾಯತ್ತತಾ ಶಾಸನವು ಇದನ್ನು ಇಟಾಲಿಯನ್ ಭಾಷಿಕರೇ ಹೆಚ್ಚಾಗಿರುವ ಟ್ರೆಂಟೊ ಪ್ರಾಂತ್ಯದೊಡನೆ ಒಂದೇ ವಲಯದಲ್ಲಿ ಕೂಡಿಸಿ, ಮುಖ್ಯ ಅಧಿಕಾರಗಳನ್ನು ಆ ವಲಯಕ್ಕೆ ಕೊಟ್ಟಿತು. ಪ್ರಾಂತ್ಯದ ಬಹುಸಂಖ್ಯಾತರು ವಲಯದಲ್ಲಿ ಅಲ್ಪಸಂಖ್ಯಾತರಾದರು. 1972ರ ಎರಡನೆಯ ಶಾಸನವು ಬಹುಪಾಲು ಅಧಿಕಾರವನ್ನು ಪ್ರಾಂತ್ಯಗಳಿಗೆ ವರ್ಗಾಯಿಸಿ ಈ ಕೊರತೆಯನ್ನು ತುಂಬಿತು.

ಲದೀನ್ ಭಾಷಿಕರ ಸ್ಥಿತಿ ಬೇರೆ. ಅವರ ಕಣಿವೆಗಳು ಬೊಲ್ಜಾನೊ, ಟ್ರೆಂಟೊ, ಬೆಲ್ಲುನೊ ಎಂಬ ಮೂರು ಪ್ರಾಂತ್ಯಗಳಲ್ಲಿ ಹಂಚಿಹೋಗಿವೆ. ಬೊಲ್ಜಾನೊಗೆ ಸೇರಿದ ಗಾರ್ದೇನ, ಬಾದಿಯ ಕಣಿವೆಗಳ ಶಾಲೆಗಳಲ್ಲಿ ಲದೀನ್ ಬೋಧನೆ ವಿಧಿಬದ್ಧವಾಗಿದೆ. ಬೆಲ್ಲುನೊಗೆ ಸೇರಿದ ಕೊರ್ತಿನಾ ಮೊದಲಾದ ಮೂರು ಊರುಗಳ ಮತದಾರರು 2007ರಲ್ಲಿ ಬೊಲ್ಜಾನೊ ಸೇರಲು ಬಯಸಿ ಮತವಿತ್ತರೂ ಗಡಿ ಬದಲಾಗಲಿಲ್ಲ. ಭಾಷೆಯ ಬಾಳ್ವೆಗೆ ಆಡುವವರ ಸಂಖ್ಯೆಯಷ್ಟೇ ಆಡಳಿತದ ಗೆರೆಯೂ ಮುಖ್ಯವೆಂಬುದಕ್ಕೆ ಈ ಕಣಿವೆಗಳು ನಿದರ್ಶನವಾಗಿವೆ.