ಡಿಕ್ಕಿಯಲ್ಲೇ ಉಳಿದ ಕೇಬಲ್

ಪ್ರಶ್ನೆ: ನಾವು ಹಾಸನದವರು, ಓಸ್ಲೊದಲ್ಲಿದ್ದೇವೆ. 2021ರಲ್ಲಿ ಆಸೆಪಟ್ಟು ಪ್ಲಗ್-ಇನ್ ಹೈಬ್ರಿಡ್ ಕಾರು ಕೊಂಡೆವು. ಈಗ ಪರಿಚಯದವರೆಲ್ಲ ಪೂರ್ತಿ ಎಲೆಕ್ಟ್ರಿಕ್ ಕಾರಿನವರು. ನಮ್ಮದನ್ನು ಕೇಳುವವರಿಲ್ಲ, ಬೆಲೆ ಇಳಿಯುತ್ತಲೇ ಇದೆ. ಫ್ಲ್ಯಾಟಿನ ಪಾರ್ಕಿಂಗ್‌ನಲ್ಲಿ ಚಾರ್ಜರ್ ಇಲ್ಲ, ಪೆಟ್ರೋಲಿನಲ್ಲೇ ಓಡಿಸುತ್ತೇವೆ. ಕೇಬಲ್ ಡಿಕ್ಕಿಯಲ್ಲಿ ಕಟ್ಟೂ ಬಿಚ್ಚದೆ ಬಿದ್ದಿದೆ. ‘ನಿನ್ನ ಮಾತು ಕೇಳಿ ಕೆಟ್ಟೆ’ ಅಂತಾರೆ ಯಜಮಾನರು. ಬಂದಷ್ಟಕ್ಕೆ ಮಾರಿಬಿಡಲೇ?

ಉತ್ತರ: ಮೊದಲು ಆ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. ನೀವು ಕೊಂಡ ವರ್ಷ ನಾರ್ವೆಯಲ್ಲಿ ಮಾರಾಟವಾದ ಐದು ಹೊಸ ಕಾರುಗಳಲ್ಲಿ ಒಂದು ಪ್ಲಗ್-ಇನ್ ಹೈಬ್ರಿಡ್ಡೇ ಆಗಿತ್ತು. ನಡುದಾರಿಯಲ್ಲಿ ಚಾರ್ಜ್ ಮುಗಿದರೇನು ಗತಿ ಎಂಬ ಅಳುಕಿಗೆ, ಕರೆಂಟು ಮುಗಿದರೆ ಪೆಟ್ರೋಲಿನಲ್ಲಿ ಓಡುವ ಅದೇ ಆಗ ಮದ್ದು. ಆಮೇಲೆ ಎಲೆಕ್ಟ್ರಿಕ್ ಕಾರುಗಳೇ ಒಂದು ಚಾರ್ಜಿಗೆ 400–500 ಕಿ.ಮೀ. ಓಡತೊಡಗಿದವು, ಹೆದ್ದಾರಿಯುದ್ದಕ್ಕೂ ಫಾಸ್ಟ್ ಚಾರ್ಜರ್‌ಗಳು ಬಂದವು. ಸರ್ಕಾರವೂ ಹೈಬ್ರಿಡ್‌ಗಳಿಗಿದ್ದ ತೆರಿಗೆ ರಿಯಾಯಿತಿಗೆ ಕತ್ತರಿ ಹಾಕಿತು. ಅಳುಕೇ ಹೋದ ಮೇಲೆ ಮದ್ದು ಯಾರಿಗೆ ಬೇಕು? 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಶೇ 88.9ರಷ್ಟು ಪೂರ್ತಿ ಎಲೆಕ್ಟ್ರಿಕ್. ಗಾಳಿ ಇಷ್ಟು ಬೇಗ ತಿರುಗಿದ್ದಕ್ಕೆ ನೀವು ಹೊಣೆಯಲ್ಲ.

ನನಗೆ ಕಾರಿನ ಬೆಲೆಗಿಂತ ಆ ಕೇಬಲ್ಲಿನದೇ ಚಿಂತೆ. ಚಾರ್ಜ್ ಮಾಡದಿದ್ದರೆ ನಿಮ್ಮದು ಭಾರದ ಬ್ಯಾಟರಿಯನ್ನು ಸುಮ್ಮನೆ ಹೊತ್ತು ತಿರುಗುವ ಪೆಟ್ರೋಲ್ ಕಾರು. ಪ್ಲಗ್-ಇನ್ ಹೈಬ್ರಿಡ್‌ಗಳು ರಸ್ತೆಯಲ್ಲಿ ಉಗುಳುವ ಇಂಗಾಲದ ಡೈಆಕ್ಸೈಡ್ ಪ್ರಯೋಗಾಲಯದ ಅಂಕಿಯ ಮೂರೂವರೆ ಪಟ್ಟು ಎಂದು ಯುರೋಪಿಯನ್ ಕಮಿಷನ್ 2024ರಲ್ಲಿ ಹೇಳಿತು. ಜನ ಅಂದುಕೊಂಡಷ್ಟು ಚಾರ್ಜ್ ಮಾಡದಿರುವುದೇ ಮುಖ್ಯ ಕಾರಣ.

ಫ್ಲ್ಯಾಟ್ ಸ್ವಂತದ್ದಾಗಿ ಪಾರ್ಕಿಂಗ್ ಜಾಗವೂ ಇದ್ದರೆ ಈಗಲೇ ಮಾರಬೇಡಿ. ಚಾರ್ಜರ್ ಹಾಕಿಸಿಕೊಳ್ಳಲು ಕಟ್ಟಡದ ಆಡಳಿತ ಮಂಡಳಿಗೆ ಅರ್ಜಿ ಕೊಡಿ. ನಾರ್ವೆಯ ಕಾನೂನಿನ ಪ್ರಕಾರ ತಕ್ಕ ಕಾರಣವಿಲ್ಲದೆ ಅವರು ಇಲ್ಲವೆನ್ನುವಂತಿಲ್ಲ. ಬಾಯಿಮಾತು ಬೇಡ, ಬರವಣಿಗೆಯಲ್ಲೇ ಕೇಳಿ. ರಾತ್ರಿ ಚಾರ್ಜಿಗೆ ಹಾಕಿದರೆ ಆಫೀಸು, ಮಕ್ಕಳ ಶಾಲೆ, ಸಂತೆ-ಸಾಮಾನಿನ ಓಡಾಟವೆಲ್ಲ ಬಹುಪಾಲು ಕರೆಂಟಿನಲ್ಲೇ ಮುಗಿಯುತ್ತದೆ. ಕೊರೆಯುವ ಚಳಿಯಲ್ಲಿ ಕೆಲವು ಮಾದರಿಗಳು ಕಾರಿನೊಳಗೆ ಬೆಚ್ಚಗಿಡಲು ತಾವೇ ಎಂಜಿನ್ ಚಾಲೂ ಮಾಡಿಕೊಳ್ಳುತ್ತವೆ, ಗಾಬರಿಯಾಗಬೇಡಿ. ಬ್ಯಾಟರಿಯ ವಾರಂಟಿ ಯಾವ ವರ್ಷದವರೆಗೆ ಇದೆಯೆಂದು ಕಾಗದಪತ್ರ ತೆಗೆದು ನೋಡಿ. ಅದು ಮುಗಿಯುವವರೆಗೂ ಕಾರನ್ನು ನೆಮ್ಮದಿಯಾಗಿ ಓಡಿಸಬಹುದು.

ಬಾಡಿಗೆ ಮನೆಯಾಗಿದ್ದು ಮಾಲೀಕರು ಒಪ್ಪದಿದ್ದರೆ ಮಾತು ಬೇರೆ. ಆಗ ತಡಮಾಡದೆ ಮಾರಿ, ಕಾದಷ್ಟೂ ನಷ್ಟವೇ.

ಸ್ವಂತ ಫ್ಲ್ಯಾಟಾದರೆ ಚಾರ್ಜರಿಗೆ ಹಾಕಿದ ಹಣ ದಂಡವಾಗುವುದಿಲ್ಲ, ನಾಳೆ ಎಲೆಕ್ಟ್ರಿಕ್ ಕಾರು ಕೊಂಡಾಗಲೂ ಅದೇ ಉಪಯೋಗಕ್ಕೆ ಬರುತ್ತದೆ. ಯಜಮಾನರಿಗೆ ಇದನ್ನು ಹೇಳಿ. ಅರ್ಜಿಯನ್ನು ಇಬ್ಬರೂ ಕೂತು ಬರೆಯಿರಿ, ಇಬ್ಬರ ಸಹಿಯೂ ಇರಲಿ.