ರಾತ್ರಿ ಎಂಟರ ಮೇಲಿನ ಶಾಲೆ

ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಅಂದರೆ ಬಡ ಹುಡುಗಿಯರಿಗೆ ಊಟ, ವಸತಿ, ಪಾಠ ಕೊಡುವ ಸರ್ಕಾರಿ ಶಾಲೆ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. 2004ರಲ್ಲಿ ಕೇಂದ್ರ ಸರ್ಕಾರ ಈ ಯೋಜನೆ ತಂದಾಗ ಕಾಗದದಲ್ಲಿ ಇದ್ದದ್ದೂ ಅಷ್ಟೇ. ಶಿಕ್ಷಣದಲ್ಲಿ ಹಿಂದುಳಿದ ತಾಲ್ಲೂಕುಗಳಲ್ಲಿ ಆರರಿಂದ ಎಂಟನೇ ತರಗತಿಯ ಹುಡುಗಿಯರಿಗೆ ವಸತಿ ಶಾಲೆ. ನೂರಕ್ಕೆ 75 ಸೀಟು ಪರಿಶಿಷ್ಟ, ಹಿಂದುಳಿದ, ಅಲ್ಪಸಂಖ್ಯಾತ ಸಮುದಾಯದವರಿಗೆ, ಉಳಿದ 25 ಬಡತನ ರೇಖೆಗಿಂತ ಕೆಳಗಿನ ಮನೆಯವರಿಗೆ. ಆದರೆ ಜೂನ್‌ನಲ್ಲಿ ಟ್ರಂಕು ಹಿಡಿದು ಬಾಗಿಲಿಗೆ ಬಂದು ನಿಲ್ಲುವ ಹುಡುಗಿಯ ಜೊತೆ ಕಾಗದದಲ್ಲಿ ಇಲ್ಲದ್ದೂ ಬರುತ್ತದೆ. ಒಬ್ಬಳ ಅಪ್ಪ-ಅವ್ವ ಗೋವಾಕ್ಕೆ ದುಡಿಯಲು ಹೋಗಿ ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟಿರುತ್ತಾರೆ. ಇನ್ನೊಬ್ಬಳ ಮದುವೆ ಚಪ್ಪರದಲ್ಲೇ ನಿಂತಿರುತ್ತದೆ. ಮತ್ತೊಬ್ಬಳಿಗೆ ಮನೆಯೊಳಗಿನವರೇ ಆಗಬಾರದ್ದನ್ನು ಮಾಡಿರುತ್ತಾರೆ.

ನಾನು ಮೆಣಸಗಿಯವಳು. ಇಂಥದೊಂದು ವಸತಿ ಶಾಲೆಯಲ್ಲಿ ವಾರ್ಡನ್ ಆಗಿ ನನ್ನ ಆಯುಷ್ಯದ ಒಳ್ಳೆಯ ಪಾಲು ಕಳೆದಿದ್ದೇನೆ. ಅಲ್ಲಿ ಕಲಿತದ್ದನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ನೊಂದ ಹುಡುಗಿಯರ ಶಾಲೆ ನಡೆಯುವುದು ರಾತ್ರಿ ಎಂಟರ ಮೇಲೆ. ಹಗಲು ಗಂಟೆ ಹೊಡೆಯುತ್ತದೆ, ಪಾಠ ಇರುತ್ತದೆ, ಎಲ್ಲರೂ ಸಾಲಾಗಿ ಕೂತಿರುತ್ತಾರೆ. ದೀಪ ಆರಿದ ಮೇಲೆ ಯಾರಿಗೆ ನಿದ್ದೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದರಲ್ಲಿ ಅವರವರ ಕಥೆ ಇರುತ್ತದೆ.

ಒಬ್ಬ ಹುಡುಗಿಯ ಹಾಸಿಗೆಯ ಕೆಳಗೆ ದಿನಾ ರೊಟ್ಟಿ ಸಿಗುತ್ತಿತ್ತು. ಒಣಗಿ ಮುರಿದ ಜೋಳದ ರೊಟ್ಟಿ, ಕಾಗದದಲ್ಲಿ ಸುತ್ತಿದ ಶೇಂಗಾ ಚಟ್ನಿ. ಇರುವೆ ಹತ್ತುತ್ತಿದ್ದವು, ಪಕ್ಕದವರು ಕಳ್ಳಿ ಅನ್ನುತ್ತಿದ್ದರು. ಅದರ ಅರ್ಥ ಮೊದಲು ತಿಳಿದದ್ದು ನಮ್ಮ ಅಡಿಗೆಯಾಕೆಗೆ. “ಅಕ್ಕಾರ, ಆಕಿ ಕದಿಯಾಂಗಿಲ್ರಿ. ನಾಳಿ ಊಟ ಸಿಗತೈತಿ ಅನ್ನೂದು ಆಕಿಗೆ ಇನ್ನಾ ನಂಬಿಕಿ ಇಲ್ಲ” ಅಂದಳು. ಮರುದಿನವೇ ಒಂದು ಮುಚ್ಚಳದ ಡಬ್ಬಿ ತಂದು ಹುಡುಗಿಯ ಹೆಸರು ಬರೆದು ಅಡಿಗೆಮನೆಯ ಕಿಟಕಿಯಲ್ಲಿಟ್ಟಳು. ಅದರಲ್ಲಿ ಯಾವಾಗಲೂ ಎರಡು ರೊಟ್ಟಿ. ಬೇಕಾದಾಗ ತೆಗೆದುಕೊಳ್ಳಬಹುದು, ಯಾರನ್ನೂ ಕೇಳಬೇಕಿಲ್ಲ. ಮೊದಮೊದಲು ಹುಡುಗಿ ರಾತ್ರಿ ಎದ್ದು ಬಂದು ಡಬ್ಬಿ ತೆರೆದು ನೋಡಿ ಹೋಗುತ್ತಿದ್ದಳು. ತಿನ್ನುತ್ತಿರಲಿಲ್ಲ, ಇದೆಯೋ ಇಲ್ಲವೋ ನೋಡುತ್ತಿದ್ದಳು ಅಷ್ಟೇ. ದೀಪಾವಳಿ ಹೊತ್ತಿಗೆ ನೋಡುವುದನ್ನೂ ಬಿಟ್ಟಳು. ಆಪ್ತಸಮಾಲೋಚನೆಯ ತರಬೇತಿಗಳಿಗೆ ನಾನೂ ಹೋಗಿದ್ದೇನೆ. ಆ ಡಬ್ಬಿಯಷ್ಟು ನನಗೆ ಕಲಿಸಿದ ತರಬೇತಿ ಇನ್ನೊಂದಿಲ್ಲ.

ಮಳೆಯ ರಾತ್ರಿಗಳದ್ದು ಬೇರೆಯೇ ಕಥೆ. ಬೆಣ್ಣೆಹಳ್ಳ ಮಲಪ್ರಭೆಯನ್ನು ಸೇರುವುದು ನಮ್ಮೂರಿನ ಹತ್ತಿರ. ಹಳ್ಳ ತುಂಬಿ, ಮೇಲೆ ನವಿಲುತೀರ್ಥದ ಅಣೆಕಟ್ಟಿನಿಂದಲೂ ನೀರು ಬಿಟ್ಟರೆ ಹೊಳೆದಂಡೆಯ ಊರುಗಳಿಗೆ ಉಳಿಗಾಲವಿಲ್ಲ. 2009ರಲ್ಲಿ ಹಾಗಾಯಿತು, 2019ರ ಆಗಸ್ಟ್‌ನಲ್ಲಿ ಮತ್ತೆ ಆಯಿತು. ಅದಾದ ಮೇಲೆ ದಂಡೆಯ ಊರುಗಳಿಂದ ಬಂದ ಹುಡುಗಿಯರು ತಗಡಿನ ಮೇಲೆ ಮಳೆ ಸದ್ದು ಕೇಳಿದರೆ ಸಾಕು, ಕತ್ತಲಲ್ಲೇ ಬಟ್ಟೆ ಚೀಲಕ್ಕೆ ತುರುಕತೊಡಗುತ್ತಿದ್ದರು. “ಹೊಳಿ ಬಂತೇನ್ರೀ ಅಕ್ಕಾರ?” ಅವರಿಗೆ ‘ಸುಮ್ಮನೆ ಮಲಗು’ ಅಂದರೆ ಪ್ರಯೋಜನವಿಲ್ಲ. ಬ್ಯಾಟರಿ ಹಿಡಿದು ಅಂಗಳಕ್ಕೆ ಕರೆದೊಯ್ದು, ನೀರು ಗಟಾರಿಗೆ ಹರಿದು ಹೋಗುವುದನ್ನು ಕಣ್ಣಾರೆ ತೋರಿಸುತ್ತಿದ್ದೆವು. ಆಮೇಲೆ ಬಿಸಿ ಹಾಲು. ಚೀಲ ಬಿಚ್ಚು ಎಂದು ಮಾತ್ರ ಹೇಳುತ್ತಿರಲಿಲ್ಲ, ತಲೆದಿಂಬಿನ ಪಕ್ಕ ಅದು ಹಾಗೇ ಇರಲಿ ಎಂದು ಬಿಡುತ್ತಿದ್ದೆವು.

ಇಂಥವು ಯಾವ ಸುತ್ತೋಲೆಯಲ್ಲೂ ಬರುವುದಿಲ್ಲ. ಹಾಸಿಗೆ ಒದ್ದೆ ಮಾಡಿಕೊಳ್ಳುವವಳ ಚಾದರ ಉಳಿದವರು ಏಳುವ ಮೊದಲೇ ತಂತಿಯ ಮೇಲೆ ಒಣಗುತ್ತಿರಬೇಕು. ಎಬ್ಬಿಸುವಾಗ ಹಿಂದಿನಿಂದ ಬಂದು ಮುಟ್ಟಬಾರದು, ಎದುರಿಗೆ ನಿಂತು ಹೆಸರು ಹಿಡಿದು ಕರೆಯಬೇಕು. ಹೊಡೆಯುವ ಮಾತಂತೂ ಇಲ್ಲವೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ‘ಕಟ್ಟುನಿಟ್ಟು ಮಾಡಿದರೆ ದಾರಿಗೆ ಬರುತ್ತಾರೆ’ ಎನ್ನುವವರು ಅಮೆರಿಕದ ಕಥೆ ಕೇಳಬೇಕು. ಮಾತು ಕೇಳದ ಮಕ್ಕಳನ್ನು ತಿದ್ದುತ್ತೇವೆಂದು ಅಲ್ಲಿ ದುಬಾರಿ ವಸತಿ ಶಾಲೆಗಳು ಹುಟ್ಟಿಕೊಂಡವು. ತಾನು ಅಂಥ ಶಾಲೆಯಲ್ಲಿ ಹಿಂಸೆ ಉಂಡೆನೆಂದು ಅಲ್ಲಿನ ಹೆಸರುವಾಸಿ ತಾರೆ ಪ್ಯಾರಿಸ್ ಹಿಲ್ಟನ್ ಆ ದೇಶದ ಸಂಸತ್ತಿನ ಸಮಿತಿ ಮುಂದೆ ಹೇಳಿಕೆ ಕೊಟ್ಟರು. 2024ರ ಡಿಸೆಂಬರ್‌ನಲ್ಲಿ ಇಂಥ ಸಂಸ್ಥೆಗಳಲ್ಲಿ ಮಕ್ಕಳ ಮೇಲಾಗುವ ದೌರ್ಜನ್ಯ ತಡೆಯಲು ಕಾನೂನೇ ಬಂತು.

ಒಂದು ಮಾತನ್ನು ಹೊಸದಾಗಿ ಕೆಲಸಕ್ಕೆ ಬರುವ ಹೆಣ್ಣುಮಕ್ಕಳಿಗೆ ಮತ್ತೆ ಮತ್ತೆ ಹೇಳುತ್ತೇನೆ. ಹುಡುಗಿ ರಾತ್ರಿ ಹತ್ತಿರ ಬಂದು ಕೂತು “ಯಾರಿಗೂ ಹೇಳೂದಿಲ್ಲಂತ ಆಣಿ ಮಾಡ್ರಿ” ಅಂದರೆ ಆಣೆ ಮಾಡಬೇಡಿ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಲೈಂಗಿಕ ದೌರ್ಜನ್ಯದ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. “ನಿನ್ನ ಕೇಳದ ಯಾರ ಮುಂದೂ ಸುಮ್ಮಸುಮ್ಮನ ಆಡೂದಿಲ್ಲ. ಆದ್ರ ನಿನ್ನ ಕಾಯೂ ಮಂದಿಗೆ ಹೇಳಬೇಕಾಗತೈತಿ, ಅವಾಗ ನಿನ್ನ ಜೋಡಿ ನಾನೂ ಬರ್ತೀನಿ” ಎಂದು ಮೊದಲೇ ಹೇಳಿಬಿಡಿ. ಇಷ್ಟು ಕೇಳಿದ ಮೇಲೂ ಹುಡುಗಿಯರು ಹೇಳುತ್ತಾರೆ. ಮಕ್ಕಳ ಕಲ್ಯಾಣ ಸಮಿತಿ ಮುಂದೆ ಕೂತಾಗ ಅವರು ಹಿಡಿದುಕೊಳ್ಳುವುದು ಆ ರಾತ್ರಿ ಮಾತು ಕೊಟ್ಟವಳ ಕೈಯನ್ನೇ. ಬ್ಲೇಡಿನಿಂದ ಕೈ ಗೀರಿಕೊಳ್ಳುವ ಹುಡುಗಿಗೆ ನಮ್ಮ ಪ್ರೀತಿಯೊಂದೇ ಸಾಲದು, ಅವಳನ್ನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದೊಯ್ಯಬೇಕು. ದೇವರು ಹಿಡಿದಿದೆ, ಗಾಳಿ ಸೋಕಿದೆ ಎಂದು ವಾರಗಟ್ಟಲೆ ಕಳೆಯುವುದು ಪಾಪದ ಕೆಲಸ.

ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಆಗುತ್ತಿದ್ದದ್ದು ರಜೆಯಲ್ಲಿ. ಪಂಚಮಿಗೆ ಜೋಕಾಲಿ ಆಡಲು, ಉಂಡಿ ತಿನ್ನಲು ಊರಿಗೆ ಹೋದವರು ಸಾಮಾನ್ಯವಾಗಿ ತಿರುಗಿ ಬರುತ್ತಾರೆ. ಬೇಸಿಗೆ ರಜೆ ಹಾಗಲ್ಲ, ಅದು ಜಾತ್ರೆಯ ಕಾಲ, ಮದುವೆಯ ಕಾಲ. ಹದಿನೆಂಟು ತುಂಬದ ಹುಡುಗಿಯ ಮದುವೆ ಕರ್ನಾಟಕದಲ್ಲಿ ಮೊದಲಿನಿಂದಲೇ ಅಸಿಂಧು. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ರಾಜ್ಯ ತಂದ 2016ರ ತಿದ್ದುಪಡಿ ಹಾಗೆ ಹೇಳುತ್ತದೆ. ಮನೆಯವರಿಗೆ ಅದು ಗೊತ್ತಿಲ್ಲವೆಂದಲ್ಲ. ದೊಡ್ಡಾಕೆಯಾದ ಮಗಳನ್ನು ಬಿಟ್ಟು ದುಡಿಯಲು ಹೋಗುವುದು ಹೇಗೆ ಎಂಬ ಅವರ ಅಂಜಿಕೆಯೂ ಸುಳ್ಳಲ್ಲ. ಅದಕ್ಕೇ ರಜೆಯಲ್ಲೂ ಅಂಥ ಹುಡುಗಿಯರಿಗೆ ವಸತಿ ತೆರೆದಿರಬೇಕು ಎನ್ನುವುದು ನನ್ನ ಖಂಡಿತ ಅಭಿಪ್ರಾಯ.

ಸರ್ಕಾರಕ್ಕೆ ನನ್ನ ಬೇಡಿಕೆ ಎರಡೇ. ಪ್ರತಿ ವಸತಿ ಶಾಲೆಗೆ ಒಬ್ಬ ತರಬೇತಾದ ಆಪ್ತಸಮಾಲೋಚಕಿ; ರಾತ್ರಿ ಮಕ್ಕಳ ಜೊತೆ ಮಲಗುವ ಹೆಣ್ಣುಮಗಳಿಗೆ ಕಾಯಂ ನೌಕರಿ, ಸರಿಯಾದ ಪಗಾರ. ವರ್ಷ ವರ್ಷ ಗುತ್ತಿಗೆಯಾಕೆ ಬದಲಾದರೆ, ಒಮ್ಮೆ ಬಿಟ್ಟುಹೋದವರನ್ನು ಕಂಡ ಮಗು ಮತ್ತೊಮ್ಮೆ ಅದನ್ನೇ ಕಾಣುತ್ತದೆ.

ಓದುವವರಲ್ಲಿ ಒಂದು ವಿನಂತಿ. ನಿಮ್ಮೂರಿನ ವಸತಿ ಶಾಲೆಯ ಹುಡುಗಿ ಜೂನ್ ಬಂದರೂ ಊರಲ್ಲೇ ಕಂಡರೆ ಮನೆಯವರನ್ನು ಮಾತಾಡಿಸಿ, ಶಾಲೆಗೆ ತಿಳಿಸಿ. ಅರಿಷಿಣ ಹಚ್ಚುವ ಸುದ್ದಿ ಬಂದರೆ ತಡಮಾಡದೆ 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಕರೆಗೆ ದುಡ್ಡಿಲ್ಲ.