ಮಳೆಗಾಡಿನ ಶಿಲೀಂಧ್ರಗಳು

ಮುಂಗಾರಿನ ಗುಡುಗಿಗೆ ಅಣಬೆ ಏಳುತ್ತದೆ ಎಂಬುದು ಮಲೆನಾಡಿನವರ ಮಾತು. ಗುಡುಗಿನ ಸಂಗತಿ ಹಾಗಿರಲಿ, ಅದರ ಬೆನ್ನಿಗೇ ಸುರಿಯುವ ಮಳೆಯಂತೂ ಅಣಬೆಯನ್ನು ನೆಲದಿಂದ ಎಬ್ಬಿಸುವುದು ದಿಟ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುವ ಆಗುಂಬೆಯ ಕಾಡನ್ನು ಆಷಾಢದಲ್ಲಿ ಹೊಕ್ಕರೆ, ಬಿದ್ದ ಮರದ ಮೇಲೆ ಹಲಗೆಯಂತೆ ಚಾಚಿಕೊಂಡ ಅಣಬೆಗಳು, ತರಗೆಲೆಯ ಮೇಲೆ ಗುಂಡುಸೂಜಿಯ ತಲೆಯಷ್ಟೇ ಕೊಡೆ ಬಿಚ್ಚಿದ ಅಣಬೆಗಳು, ಹವಳದಂತೆ ಕವಲೊಡೆದ ಅಣಬೆಗಳು ಕಣ್ಣಿಗೆ ಬೀಳುತ್ತವೆ. ಪಶ್ಚಿಮ ಘಟ್ಟಗಳ ಕೆಲವೆಡೆ ಮಳೆಗಾಲದ ಇರುಳಿನಲ್ಲಿ ಹಸಿರು ಬೆಳಕು ಬೀರುವ ಅಣಬೆಗಳೂ ಉಂಟು.

ನಾವು ಅಣಬೆ ಎಂದು ಕರೆಯುವುದು, ಮರದಲ್ಲಿ ಹಣ್ಣಿದ್ದಂತೆ, ಶಿಲೀಂಧ್ರದ ಒಂದು ಭಾಗ ಮಾತ್ರ. ಅದರ ಶರೀರವು ಕೂದಲಿಗಿಂತ ನವುರಾದ ಎಳೆಗಳ ಜಾಲವಾಗಿ ಮಣ್ಣಿನಲ್ಲಿಯೋ ಮರದ ತಿರುಳಿನಲ್ಲಿಯೋ ಹಬ್ಬಿರುತ್ತದೆ. ಬಹುಕಾಲ ವಿದ್ವಾಂಸರು ಶಿಲೀಂಧ್ರಗಳನ್ನು ಸಸ್ಯಗಳ ಸಾಲಿಗೆ ಸೇರಿಸಿದ್ದರು. ಆದರೆ ಅವುಗಳಲ್ಲಿ ಪತ್ರಹರಿತ್ತಿಲ್ಲ. ಅವುಗಳ ಕೋಶಭಿತ್ತಿಯಲ್ಲಿ ಕೀಟಗಳ ಹೊರಕವಚದಲ್ಲಿರುವಂಥದೇ ಕೈಟಿನ್ ಎಂಬ ವಸ್ತುವಿದೆ. 1969ರಲ್ಲಿ ಅಮೆರಿಕದ ವಿಜ್ಞಾನಿ ವಿಟೇಕರ್ ಜೀವಲೋಕವನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಶಿಲೀಂಧ್ರಗಳಿಗೆ ಬೇರೆಯೇ ಸ್ಥಾನವನ್ನು ಕೊಟ್ಟನು. ಈವರೆಗೆ ಹೆಸರು ಪಡೆದ ಪ್ರಭೇದಗಳು ಸುಮಾರು ಒಂದೂವರೆ ಲಕ್ಷ. 2017ರ ಒಂದು ಅಂದಾಜಿನಂತೆ ಭೂಮಿಯ ಮೇಲಿರುವವು 22ರಿಂದ 38 ಲಕ್ಷ!

ಶಿಲೀಂಧ್ರಕ್ಕೆ ಬಾಯಿಯಿಲ್ಲ, ಹೊಟ್ಟೆಯಿಲ್ಲ. ಅದು ಜೀರ್ಣರಸವನ್ನು ಹೊರಕ್ಕೆ ಸುರಿಸಿ, ಕರಗಿದ ಆಹಾರವನ್ನು ಎಳೆಗಳಿಂದ ಹೀರಿಕೊಳ್ಳುತ್ತದೆ. ಇದಕ್ಕೆ ತೇವ ಬೇಕೇ ಬೇಕು. ಆದುದರಿಂದಲೇ ಯಾವ ಶಿಲೀಂಧ್ರ ಎಲ್ಲಿ ಬಾಳಬೇಕೆಂಬುದನ್ನು ಬಹುಮಟ್ಟಿಗೆ ಹವೆಯೇ ನಿರ್ಧರಿಸುತ್ತದೆ. ಆಗುಂಬೆಯಿಂದ ಮೂಡಣಕ್ಕೆ ನೂರು ಕಿಲೋಮೀಟರು ಸಾಗುವುದರೊಳಗೆ ಮಳೆ ಹಲವು ಪಟ್ಟು ಇಳಿದುಹೋಗುತ್ತದೆ. ಅಲ್ಲಿಯ ಒಣಕಾಡಿನಲ್ಲಿ ತೊಗಲಿನಂತೆ ಗಡುಸಾದ, ಒಣಗಿ ಮುದುಡಿದರೂ ನೀರು ಸೋಕಿದೊಡನೆ ಮತ್ತೆ ಅರಳುವ ಜಾತಿಗಳಿಗೆ ಅನುಕೂಲ ಹೆಚ್ಚು. ಗೆದ್ದಲುಗಳೊಡನೆ ಬಾಳುವ ಶಿಲೀಂಧ್ರದ ಕಥೆ ಬೇರೆ. ಗೆದ್ದಲುಗಳು ಹುತ್ತದೊಳಗೆ ತೇವವನ್ನೂ ಶಾಖವನ್ನೂ ಹದವಾಗಿ ಕಾಪಾಡಿ ಅದನ್ನು ಬೆಳೆಸುತ್ತವೆ. ಅದು ಅವು ತಂದ ಕಟ್ಟಿಗೆ ತರಗುಗಳನ್ನು ಮೆತ್ತಗಾಗಿಸಿ ಕೊಡುತ್ತದೆ. ಮಳೆ ಬಂದಾಗ ಹುತ್ತದ ಮೇಲೆ ಏಳುವ ರುಚಿಯಾದ ಅಣಬೆ ಇದೇ. ಗೆದ್ದಲಿಗೆ ಸಾಧ್ಯವಾದ ಈ ಬೇಸಾಯ ಮನುಷ್ಯನಿಗೆ ಇನ್ನೂ ಕೈಗೂಡಿಲ್ಲ.

ಜಗತ್ತಿನ 365 ಸ್ಥಳಗಳ ಮಣ್ಣನ್ನು ಪರೀಕ್ಷಿಸಿದ ಒಂದು ಅಧ್ಯಯನವು 2014ರಲ್ಲಿ ಪ್ರಕಟವಾಯಿತು. ಅದರಲ್ಲಿಯೂ ಶಿಲೀಂಧ್ರಗಳ ಹಂಚಿಕೆಗೆ ಹವೆಯೇ ಮುಖ್ಯ ಕಾರಣವೆಂದು ತಿಳಿದುಬಂತು. ಪೈನ್, ಓಕ್ ಮರಗಳ ಬೇರನ್ನು ಹೊದ್ದು ಅವಕ್ಕೆ ನೀರು ಲವಣಗಳನ್ನು ಒದಗಿಸುವ ಬಗೆಯವು ಉತ್ತರದ ತಂಪು ನಾಡುಗಳಲ್ಲಿ ಹೆಚ್ಚು. ನಮ್ಮ ಘಟ್ಟದ ಧೂಪದ ಮರಕ್ಕೂ ಇಂಥ ಸಂಗಾತಿಗಳಿವೆಯಾದರೂ, ಉಷ್ಣವಲಯದಲ್ಲಿ ಮೇಲುಗೈ ಕೊಳೆತಿನಿಗಳದು ಮತ್ತು ರೋಗಕಾರಕಗಳದು.

ರೋಗಕಾರಕವೆಂದೊಡನೆ ನಾವು ಕೇಡನ್ನೇ ನೆನೆಯುತ್ತೇವೆ. ಆದರೆ ಮಳೆಗಾಡಿನ ಲೆಕ್ಕಾಚಾರ ವಿಚಿತ್ರವಾದುದು. ಮಧ್ಯ ಅಮೆರಿಕದ ಬೆಲೀಜ್ ದೇಶದ ಕಾಡಿನಲ್ಲಿ ಸಂಶೋಧಕರು ಕೆಲವು ತುಂಡುನೆಲಗಳಿಗೆ ಶಿಲೀಂಧ್ರನಾಶಕವನ್ನು ಸಿಂಪಡಿಸಿದರು. ಅಲ್ಲಿ ಎದ್ದ ಸಸಿಗಳ ವೈವಿಧ್ಯ ಕುಗ್ಗಿತು. ಹೀಗೇಕೆ? ಒಂದೇ ಜಾತಿಯ ಸಸಿಗಳು ಒತ್ತಾಗಿ ಎದ್ದ ಕಡೆ ರೋಗ ಬೇಗ ಹರಡಿ ಅವುಗಳಲ್ಲಿ ಬಹಳಷ್ಟನ್ನು ಕೊಲ್ಲುತ್ತದೆ. ತೆರವಾದ ಜಾಗದಲ್ಲಿ ಅಪರೂಪದ ಜಾತಿಯೊಂದರ ಸಸಿ ತಲೆಯೆತ್ತುತ್ತದೆ. ಈ ಕಾವಲಿಗೂ ತೇವ ಬೇಕು. ಮಳೆ ಕೈಕೊಡುವ ವರ್ಷಗಳು ಸಾಲಾಗಿ ಬಂದರೆ ಕಾವಲು ಸಡಿಲಗೊಂಡು, ತಾಯಿಮರದ ನೆರಳಿನಲ್ಲಿ ಅದರ ಮಕ್ಕಳೇ ಗುಂಪುಗಟ್ಟಿ ನಿಲ್ಲಬಹುದು. ಬೇರೆ ಬೀಜಗಳಿಗೆ ಅಲ್ಲಿ ಎಡೆಯಿರದು.